ಹವ್ಯಾಸಿಯ ಓಟ ಎಲ್ಲಿ ಮುಗಿಯುತ್ತದೆ

ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಹೋಗುವವರು ಶ್ರೀಪೆರುಂಬುದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈ ಎಂಬ ಊರನ್ನು ಹಾದುಹೋಗುತ್ತಾರೆ. ಹ್ಯುಂಡೈ ಕಂಪನಿಯ ಕಾರ್ಖಾನೆ ಇರುವುದು ಅಲ್ಲೇ. ಕಾರು ತಯಾರಾಗುವ ಆ ಊರಿನಲ್ಲಿ ಕಾರು ಓಡಿಸುವ ಜಾಗವೂ ಇದೆ ಎಂಬುದು ಹೆದ್ದಾರಿಯಲ್ಲಿ ಹೋಗುವ ಬಹಳಷ್ಟು ಜನರಿಗೆ ಗೊತ್ತಾಗುವುದಿಲ್ಲ. 3.717 ಕಿಲೋಮೀಟರ್ ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕ್ ಅದು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅದನ್ನು ನಡೆಸುತ್ತದೆ.

2023ರ ಜನವರಿ 8, ಭಾನುವಾರ. ಪೊಂಗಲ್‌ಗೆ ಇನ್ನೊಂದು ವಾರವಿತ್ತು. ಆ ಟ್ರ್ಯಾಕ್‌ನಲ್ಲಿ 2022ರ ಸಾಲಿನ ರಾಷ್ಟ್ರೀಯ ಕಾರ್ ರೇಸಿಂಗ್ ಚಾಂಪಿಯನ್‌ಶಿಪ್‌ನ ಎರಡನೇ ಸುತ್ತು ನಡೆಯುತ್ತಿತ್ತು. ಸಲೂನ್ ಕಾರುಗಳ ಓಟದಲ್ಲಿ ಎರಡು ಕಾರುಗಳು ಒಂದಕ್ಕೊಂದು ತಾಗಿದವು. ಅದರಲ್ಲೊಂದು ಟ್ರ್ಯಾಕ್ ಬಿಟ್ಟು ಹೊರಗೆ ನುಗ್ಗಿ, ಬೇಲಿಗೆ ಬಡಿದು, ತಲೆಕೆಳಗಾಗಿ ಬಿತ್ತು. ಕೂಡಲೇ ಕೆಂಪು ಬಾವುಟ ತೋರಿಸಿ ಓಟ ನಿಲ್ಲಿಸಿದರು. ಚಾಲಕನನ್ನು ಕೆಲವೇ ನಿಮಿಷಗಳಲ್ಲಿ ಹೊರತೆಗೆದು, ಟ್ರ್ಯಾಕಿನ ವೈದ್ಯರು ನೋಡಿ, ಆಸ್ಪತ್ರೆಗೆ ಸಾಗಿಸಿದರು. ಅವರು ಬದುಕಲಿಲ್ಲ. ಹೆಸರು ಕೆ.ಇ. ಕುಮಾರ್. ವಯಸ್ಸು 59. ಕ್ಲಬ್ಬಿನ ಆಜೀವ ಸದಸ್ಯರು. ಆ ದಿನದ ಉಳಿದ ಓಟಗಳನ್ನೆಲ್ಲ ರದ್ದು ಮಾಡಲಾಯಿತು.

ಸುದ್ದಿ ಓದಿದವರು ಮೊದಲು ತಡೆದು ನಿಂತದ್ದು ವಯಸ್ಸಿನ ಮುಂದೆ. 59 ಎಂದರೆ ನಮ್ಮಲ್ಲಿ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಬೆಳಗಿನ ವಾಕಿಂಗ್, ಸಕ್ಕರೆ ಪರೀಕ್ಷೆ, ಮಕ್ಕಳ ಮದುವೆ, ಬ್ಯಾಂಕಿನ ಠೇವಣಿ. ಆ ವಯಸ್ಸಿನ ಒಬ್ಬರು ಬೆಂಕಿ ತಡೆಯುವ ಉಡುಪು ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ತಮ್ಮ ಅರ್ಧ ವಯಸ್ಸಿನವರೂ ಇರಬಹುದಾದ ಸಾಲಿನಲ್ಲಿ ಕಾರು ತಂದು ನಿಲ್ಲಿಸಿದ್ದರು. ಮುಂದೊಂದು ದಿನ ಫಾರ್ಮುಲಾ ಒನ್ ಸೇರುವ ಕನಸಂತೂ ಅವರದ್ದಾಗಿರಲಾರದು. ಆ ಸ್ಪರ್ಧೆಯ ಅಧ್ಯಕ್ಷ ವಿಕ್ಕಿ ಚಾಂಧೋಕ್ ಅವರು ಆ ದಿನ, ಕುಮಾರ್ ಅವರನ್ನು ಹಲವು ದಶಕಗಳಿಂದ ಗೆಳೆಯನಾಗಿಯೂ ಎದುರಾಳಿಯಾಗಿಯೂ ಬಲ್ಲೆ ಎಂದಿದ್ದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಹವ್ಯಾಸಿಗಳ ಲೋಕದಲ್ಲಷ್ಟೇ ಸಹಜ.

ಹವ್ಯಾಸಿ ಎಂಬ ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನ ‘ಅಮೆಚೂರ್’ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಅರ್ಥ ಪ್ರೀತಿಸುವವನು. ಇಂಗ್ಲಿಷಿನಲ್ಲಿ ಬರಬರುತ್ತಾ ಅದಕ್ಕೆ ‘ಕಚ್ಚಾ ಕೆಲಸದವನು’ ಎಂಬ ಅರ್ಥವೂ ಅಂಟಿಕೊಂಡಿತು. ಕನ್ನಡದ ಹವ್ಯಾಸಿಗೆ ಆ ಕಳಂಕ ಅಷ್ಟಾಗಿ ತಗಲಿಲ್ಲ. ಹವ್ಯಾಸಿ ರಂಗಭೂಮಿ ಎಂದರೆ ಕನ್ನಡದ ಒಳ್ಳೊಳ್ಳೆಯ ನಾಟಕಗಳನ್ನು ಆಡಿದ ರಂಗಭೂಮಿ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ರಾತ್ರಿ ಗೆಜ್ಜೆ ಕಟ್ಟುವ ಹವ್ಯಾಸಿ ಯಕ್ಷಗಾನ ಕಲಾವಿದರನ್ನು ಕರಾವಳಿಯಲ್ಲಿ ಯಾರೂ ಹಗುರವಾಗಿ ಕಾಣುವುದಿಲ್ಲ. ಹೊಟ್ಟೆಪಾಡು ಒಂದು ಕಡೆ, ಜೀವದ ಸೆಳೆತ ಇನ್ನೊಂದು ಕಡೆ ಇರುವವರು ಎಂಬುದಷ್ಟೇ ಆ ಮಾತಿನ ಅರ್ಥ.

ಗಡಿ ದಾಟಿ ಮರಾಠಿಗೆ ಹೋದರೆ ಅದೇ ‘ಹವ್ಯಾಸ’ದ ಬಣ್ಣ ಬದಲಾಗುತ್ತದೆ. ಅಲ್ಲಿ ಅದು ತೀರದ ಆಸೆ, ಹಪಹಪಿ. ಹಣದ ಹವ್ಯಾಸ, ಅಧಿಕಾರದ ಹವ್ಯಾಸ ಎಂಬ ಬಳಕೆಗಳು ಮರಾಠಿಯಲ್ಲಿವೆ. ಚೆನ್ನೈನ ತಮಿಳಿನಲ್ಲಿ ಇದಕ್ಕೆ ‘ಪೊಳುದುಪೋಕ್ಕು’ ಎನ್ನುತ್ತಾರೆ, ಅಂದರೆ ಹೊತ್ತು ಕಳೆಯುವುದು. ಹೊತ್ತು ಕಳೆಯಲೆಂದು ಯಾರೂ ಹನ್ನೆರಡು ತಿರುವುಗಳನ್ನು ಆ ವೇಗದಲ್ಲಿ ಸುತ್ತುವುದಿಲ್ಲ. ನೆರೆಹೊರೆಯವರ ಬಾಯಲ್ಲಿ ಇನ್ನೂ ಎರಡು ಮಾತುಗಳಿವೆ: ಚಟ ಮತ್ತು ಶೋಕಿ. ಉರ್ದುವಿನ ‘ಶೌಕ್’ ಎಂದರೆ ಒಲವು, ಹಂಬಲ. ಕನ್ನಡಕ್ಕೆ ಬಂದು ಶೋಕಿಯಾದಾಗ ಅದು ದುಡ್ಡಿದ್ದವರ ಮೆರೆದಾಟವಾಯಿತು. ಕಾರು ಓಟದ ಹವ್ಯಾಸಿ ಈ ಎಲ್ಲ ಮಾತುಗಳ ನಡುವೆ ಬದುಕುತ್ತಾನೆ. ಗೆದ್ದರೆ ಹವ್ಯಾಸ, ಖರ್ಚಾದರೆ ಶೋಕಿ, ವಯಸ್ಸಾದ ಮೇಲೂ ಬಿಡದಿದ್ದರೆ ಚಟ.

ಆದರೆ ಚೆನ್ನೈನಲ್ಲಿ ಈ ಆಟ ನಿಂತಿದ್ದೇ ಇಂಥವರ ಮೇಲೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಆಗ ರೇಸ್ ಟ್ರ್ಯಾಕ್ ಎಂಬುದು ಇರಲಿಲ್ಲ. ನಗರದ ಉತ್ತರಕ್ಕಿರುವ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಪಾಳುಬಿದ್ದಿತ್ತು. ಅದರ ಮೇಲೇ ಓಟ ಶುರುವಾಯಿತು. ವಿಮಾನ ಏರಲೆಂದು ಹಾಕಿದ ನೇರ ದಾರಿಯಲ್ಲಿ ಕಾರು ವೇಗ ಪಡೆಯುವುದು ಸುಲಭ, ಕೊನೆಯಲ್ಲಿ ತಿರುಗುವುದು ಕಷ್ಟ. ಅಲ್ಲಿ ಓಡಿಸಿದವರಲ್ಲಿ ರಾಜಮನೆತನದವರಿದ್ದರು, ವಿಜಯ್ ಮಲ್ಯರಂಥ ಉದ್ಯಮಿಗಳಿದ್ದರು, ಸ್ವಂತ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರೂ ಇದ್ದರು. ಸಂಬಳಕ್ಕೆ ಓಡಿಸಿದವರು ಇಲ್ಲವೆನ್ನುವಷ್ಟು ಕಡಿಮೆ. 1990ರ ಹೊತ್ತಿಗೆ ಓಟ ಇರುಂಗಾಟ್ಟುಕೋಟ್ಟೈಗೆ ಬಂತು. ಬರೀ ಓಟಕ್ಕೆಂದೇ ಕಟ್ಟಿದ ಟ್ರ್ಯಾಕ್, ಅದೂ ಒಂದು ಕ್ಲಬ್ಬಿನ ಸದಸ್ಯರ ಹಟದಿಂದ ಆದದ್ದು.

ಕೊಯಮತ್ತೂರಿನ ಎಸ್. ಕರಿವರ್ಧನ್ ಅವರ ಕತೆ ಈ ಹವ್ಯಾಸಿ ಲೋಕ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಜವಳಿ ಗಿರಣಿಗಳ ಮನೆತನದವರು. ಶೋಲಾವರಂನಲ್ಲಿ ಎಲ್ಲರ ಕಣ್ಣು ಅವರ ಕಾರಿನ ಮೇಲಿರುತ್ತಿತ್ತು. ತಾವು ಗೆಲ್ಲುವುದಕ್ಕೇ ನಿಲ್ಲದೆ ಅವರು ಕಡಿಮೆ ಖರ್ಚಿನ ಓಟದ ಕಾರನ್ನು ಕಟ್ಟಲು ಹೊರಟರು. ಊರಿನ ಬೀದಿಬೀದಿಯಲ್ಲಿ ಓಡುತ್ತಿದ್ದ ಮಾರುತಿ 800 ಕಾರಿನ ಎಂಜಿನ್ನನ್ನು ಒಬ್ಬರೇ ಕೂರುವ ರೇಸ್ ಕಾರಿಗೆ ಜೋಡಿಸಿದರು. ಅದೇ ಫಾರ್ಮುಲಾ ಮಾರುತಿ. ಅದರಿಂದ ರಾಜರ ಆಟ ಮಧ್ಯಮ ವರ್ಗದ ಹುಡುಗರ ಕೈಗೂ ಎಟುಕುವಂತಾಯಿತು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಈಗ ಅವರದ್ದೇ ಹೆಸರಿದೆ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಅದೇ ಊರಿನವರು. ಅವರ ತಂದೆಯೂ ರ‍್ಯಾಲಿ ಓಡಿಸಿದವರು. 2010ರಲ್ಲಿ ಎರಡನೆಯವರಾದ ಕರುಣ್ ಚಾಂಧೋಕ್ ಚೆನ್ನೈನವರು. ಅವರ ತಂದೆಯೂ ಅಜ್ಜನೂ ಮದ್ರಾಸಿನ ಓಟದ ಲೋಕದವರೇ. ದೇಶ ಚಪ್ಪಾಳೆ ತಟ್ಟಿದ ಇಬ್ಬರೂ ಬಂದದ್ದು ಹವ್ಯಾಸಿಗಳ ಮನೆಯಿಂದ.

ಕುಮಾರ್ ಅವರು ಓಡಿಸುತ್ತಿದ್ದದ್ದು ಸಲೂನ್ ವರ್ಗದಲ್ಲಿ. ಶೋರೂಮಿನಿಂದ ಬರುವ ಸಾಮಾನ್ಯ ಕಾರಿನ ಒಳಗಿನದ್ದನ್ನೆಲ್ಲ ಕಿತ್ತು ಹಾಕಿ ಮಾಡುವ ಕಾರು ಅದು. ಹಿಂದಿನ ಸೀಟು, ಕಾಲಡಿಯ ಮ್ಯಾಟು, ಏಸಿ ಎಲ್ಲ ಹೋಗುತ್ತವೆ. ಬದಲಿಗೆ ಉಕ್ಕಿನ ಕೊಳವೆಗಳ ಪಂಜರ ಬರುತ್ತದೆ, ಚಾಲಕನನ್ನು ಬಿಗಿಯುವ ಅಗಲವಾದ ಪಟ್ಟಿಗಳು ಬರುತ್ತವೆ, ಬೆಂಕಿ ಆರಿಸುವ ಸಾಧನ ಬರುತ್ತದೆ. ಗಮನಿಸಿದರೆ, ತೆಗೆದುಹಾಕುವುದೆಲ್ಲ ಸಂಸಾರದ ಜಾಗ. ಹೆಂಡತಿ ಕೂರುವ ಸೀಟು, ಮಕ್ಕಳು ಕೂರುವ ಸೀಟು, ಊರಿಗೆ ಹೋಗುವಾಗ ಚೀಲ ಇಡುವ ಡಿಕ್ಕಿ. ಒಬ್ಬನಿಗೆ ಮಾತ್ರ ಜಾಗವಿರುವ ಕಾರನ್ನು ಅವನು ಓಡಿಸುತ್ತಾನೆ. ಆದರೆ ಮನೆಯವರು ಆ ಕಾರಿನಲ್ಲಿ ಇಲ್ಲ ಎನ್ನಲಾಗುವುದಿಲ್ಲ.

ಹವ್ಯಾಸಿಯ ಮನೆಯಲ್ಲಿ ಓಟದ ಲೆಕ್ಕ ಬೇರೆಯೇ ಇರುತ್ತದೆ. ಟೈರಿಗೆ ಹೋದ ಹಣ ಬೇರೆ ಎಲ್ಲಿಂದಲೋ ಬಂದಿರುತ್ತದೆ. ಶನಿವಾರ, ಭಾನುವಾರಗಳು ಬೇರೆ ಯಾರಿಂದಲೋ ಬಂದಿರುತ್ತವೆ. ಪ್ರಾಯೋಜಕರಿರುವ ವೃತ್ತಿಪರನಿಗೆ ಗೆದ್ದರೆ ಹಣ, ಸೋತರೂ ಕರಾರು. ಹವ್ಯಾಸಿಗೆ ಎರಡರಲ್ಲೂ ಖರ್ಚೇ. ‘ಈ ವಯಸ್ಸಲ್ಲಿ ಇನ್ನೂ ಯಾಕ್ರೀ ಬೇಕು ಇದೆಲ್ಲ?’ ಎಂಬ ಪ್ರಶ್ನೆ ಇಂಥ ಮನೆಗಳಲ್ಲಿ ಯಾವ ಭಾಷೆಯಲ್ಲಾದರೂ ಒಂದು ದಿನ ಬಂದೇ ಬರುತ್ತದೆ. ಅದಕ್ಕೆ ಸರಿಯಾದ ಉತ್ತರ ಇರುವುದಿಲ್ಲ. ಉತ್ತರ ಇಲ್ಲದಿದ್ದರೂ ಮನೆಯವರು ಹೋಗಲು ಬಿಡುತ್ತಾರೆ. ಹಾಗೆ ಬಿಡುವುದೂ ಪ್ರೀತಿಯ ಒಂದು ಬಗೆ. ಅದಕ್ಕೆ ಯಾವ ಭಾಷೆಯಲ್ಲೂ ಪ್ರಶಸ್ತಿ ಇಲ್ಲ.

ಇಂಥವರು ಹೋದಾಗ ಸುತ್ತಲಿನವರು ಒಂದು ಮಾತು ಹೇಳುತ್ತಾರೆ: ‘ಇಷ್ಟಪಟ್ಟ ಕೆಲಸ ಮಾಡುತ್ತಲೇ ಹೋದರು.’ ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು. ಉಳಿದವರಿಗೆ ಅದರಿಂದ ಒಂದು ಗಳಿಗೆ ಉಸಿರಾಡಲು ಆಗುವುದಾದರೆ ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಆ ಮಾತಿನಲ್ಲಿ ಅರ್ಧ ಕತೆ ಬಿಟ್ಟುಹೋಗಿದೆ. ಹವ್ಯಾಸಿ ಇಷ್ಟಪಡುವುದು ಓಟವನ್ನು ಮಾತ್ರವಲ್ಲ. ಓಡಿ ಮನೆಗೆ ಮರಳುವುದನ್ನೂ. ಮರಳಲು ಬೇರೊಂದು ಬದುಕು ಇದ್ದರೇನೇ ಒಬ್ಬನು ಹವ್ಯಾಸಿ. ಸಂಜೆ ಬೆವರಿನ ಉಡುಪು ಕಳಚಿ, ಗೆಳೆಯರೊಡನೆ ಆ ಏಳನೇ ತಿರುವಿನಲ್ಲಿ ಆದದ್ದನ್ನು ಮೂರು ಸಲ ಹೇಳಿ ನಕ್ಕು, ಊಟಕ್ಕೆ ಮನೆ ತಲುಪಿ, ಸೋಮವಾರ ತನ್ನ ಕೆಲಸಕ್ಕೆ ಕೂರುವುದು ಆಟದ ಹೊರಗಿನ ಸಂಗತಿಗಳಲ್ಲ. ಚೌಕಳಿ ಬಾವುಟ ಬೀಸಿದಾಗ ಟ್ರ್ಯಾಕಿನ ಓಟ ಮುಗಿಯುತ್ತದೆ. ಹವ್ಯಾಸಿಯ ಓಟ ಮುಗಿಯುವುದು ಮನೆಯ ಗೇಟಿನ ಹತ್ತಿರ. ಆದ್ದರಿಂದ ಟ್ರ್ಯಾಕಿನಲ್ಲೇ ಹೋದವರ ಓಟ ಮುಗಿದದ್ದಲ್ಲ, ನಡುವೆ ನಿಂತದ್ದು.

ಈ ನೋವು ಟ್ರ್ಯಾಕಿನದ್ದು ಮಾತ್ರವಲ್ಲ, ನೀರಿನ ಮೇಲಿನ ಓಟದಲ್ಲೂ ಇದೇ ಕತೆ. 1990ರ ಅಕ್ಟೋಬರ್ 3ರಂದು ಮೊನಾಕೊ ಬಳಿಯ ಕಡಲಿನಲ್ಲಿ ಪವರ್‌ಬೋಟ್ ಓಟದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದ್ದಾಗ ಸ್ಟೆಫಾನೊ ಕಸಿರಾಗಿ ಅವರ ದೋಣಿ ಅಲೆಗೆ ಎದ್ದು ಮಗುಚಿತು. ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದವರು. ಜೊತೆಗಾರ ಹೊರಗೆಸೆಯಲ್ಪಟ್ಟು ಬದುಕಿಕೊಂಡರು, ಕಸಿರಾಗಿ ಬದುಕಲಿಲ್ಲ. ಅವರು ಇಟಲಿಯ ಒಬ್ಬ ಉದ್ಯಮಿ. ದೋಣಿ ಓಟ ಅವರ ಹೊಟ್ಟೆಪಾಡಾಗಿರಲಿಲ್ಲ. ಮೊನಾಕೊದ ರಾಜಕುಮಾರಿ ಕ್ಯಾರೊಲಿನ್ ಅವರ ಪತಿಯಾದ್ದರಿಂದ ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಅವರ ವಯಸ್ಸು 30. ಮೂವರು ಮಕ್ಕಳಲ್ಲಿ ದೊಡ್ಡವನಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಆ ಸಾವಿನ ಬಳಿಕ ಆ ವರ್ಗದ ದೋಣಿಗಳಲ್ಲಿ ಚಾಲಕರು ಕೂರುವ ಜಾಗಕ್ಕೆ ಗಟ್ಟಿ ಮುಚ್ಚಳ, ಚಾಲಕರಿಗೆ ಬಿಗಿಪಟ್ಟಿ ಬಂದವು. ಅಲ್ಲಿಯವರೆಗೆ ತೆರೆದ ದೋಣಿಯಲ್ಲೇ ಕೂತು ಓಡಿಸುತ್ತಿದ್ದರು.

ಓಟದ ಸುರಕ್ಷತೆಯ ಒಂದೊಂದು ನಿಯಮದ ಹಿಂದೆಯೂ ಹೀಗೆ ಯಾರದ್ದೋ ಮನೆ ಇದೆ. ಇವತ್ತು ಕಾರು ಓಟದವರು ಹೆಗಲ ಮೇಲೆ ಕುದುರೆಯ ಕೊರಳಪಟ್ಟಿಯಂಥದ್ದೊಂದನ್ನು ಹಾಕಿಕೊಳ್ಳುತ್ತಾರೆ. ಹ್ಯಾನ್ಸ್ ಎಂದು ಅದರ ಹೆಸರು. ಕಾರು ಗೋಡೆಗೆ ಬಡಿದಾಗ ಪಟ್ಟಿ ಬಿಗಿದ ಮೈ ನಿಲ್ಲುತ್ತದೆ, ಹೆಲ್ಮೆಟ್ಟಿನ ಭಾರ ಹೊತ್ತ ತಲೆ ಮಾತ್ರ ಮುಂದಕ್ಕೆ ಹೋಗುತ್ತದೆ. ತಲೆಬುರುಡೆಯ ಬುಡ ಮುರಿಯುವುದು ಆಗಲೇ. ಹ್ಯಾನ್ಸ್ ಹೆಲ್ಮೆಟ್ಟನ್ನು ಹೆಗಲಿಗೆ ಕಟ್ಟಿ ಹಿಡಿಯುತ್ತದೆ. ಇದನ್ನು ರೂಪಿಸಿದವರು ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಹಬಾರ್ಡ್ ಮತ್ತು ರೇಸರ್ ಜಿಮ್ ಡೌನಿಂಗ್. ಇಬ್ಬರೂ ಭಾವ-ಮೈದುನರು. 1981ರಲ್ಲಿ ಒಬ್ಬ ಗೆಳೆಯ ಹೀಗೇ ಸತ್ತಾಗ ಡೌನಿಂಗ್ ತಮ್ಮ ಮನೆಯ ಪ್ರಾಧ್ಯಾಪಕರನ್ನೇ ಕೇಳಿದರು. ಮೊದಮೊದಲು ಯಾರೂ ಅದನ್ನು ಒಪ್ಪಲಿಲ್ಲ. 2001ರಲ್ಲಿ ಡೇಲ್ ಅರ್ನ್‌ಹಾರ್ಡ್ ಎಂಬ ಅಮೆರಿಕದ ದೊಡ್ಡ ರೇಸರ್ ಸತ್ತ ಮೇಲೆ ಒಪ್ಪಿದರು. ನೆಂಟರಿಬ್ಬರ ನಡುವಿನ ಕಾಳಜಿ ಇಪ್ಪತ್ತು ವರ್ಷಗಳ ನಂತರ ಜಗತ್ತಿನ ನಿಯಮವಾಯಿತು.

ಕುಮಾರ್ ಅವರ ಮನೆಯ ದುಃಖ ಅವರ ಮನೆಯವರದ್ದು, ಅದರೊಳಗೆ ಇಣುಕುವುದು ತರವಲ್ಲ. ಆದರೆ ಅವರ ಸಾವಿನ ಬಗ್ಗೆ ಯೋಚಿಸುವಾಗ ಅದೇ ವರ್ಷ, ಅದೇ ಟ್ರ್ಯಾಕಿನಲ್ಲಿ ನಡೆದ ಇನ್ನೊಂದು ಸಾವನ್ನು ಬದಿಗಿಡಲಾಗುವುದಿಲ್ಲ. 2023ರ ಆಗಸ್ಟ್ 5ರಂದು ಬೆಂಗಳೂರಿನ ಶ್ರೇಯಸ್ ಹರೀಶ್ ಎಂಬ ಹುಡುಗ ರಾಷ್ಟ್ರೀಯ ಮೋಟರ್‌ಸೈಕಲ್ ಚಾಂಪಿಯನ್‌ಶಿಪ್‌ನಲ್ಲಿ ಓಡಿಸುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ವೇಗವಾಗಿ ಸುತ್ತಿ ಮೊದಲ ಸಾಲಿನ ಜಾಗ ಗಳಿಸಿದ್ದ. ಓಟ ಶುರುವಾದ ಸ್ವಲ್ಪದರಲ್ಲೇ, ಮೊದಲ ತಿರುವಿನಿಂದ ಹೊರಬರುವಾಗ ಬಿದ್ದ. ತಲೆಗೆ ಪೆಟ್ಟಾಗಿ ತೀರಿಕೊಂಡ. ಗೆಳೆಯರ ವಲಯದಲ್ಲಿ ಅವನಿಗೆ ‘ಬೆಂಗಳೂರು ಕಿಡ್’ ಎಂಬ ಹೆಸರಿತ್ತು. ಹತ್ತು ದಿನಗಳ ಹಿಂದಷ್ಟೇ ಅವನಿಗೆ ಹದಿಮೂರು ತುಂಬಿತ್ತು.

ಒಂದೇ ಟ್ರ್ಯಾಕ್, ಏಳು ತಿಂಗಳ ಅಂತರ, 59 ಮತ್ತು 13. ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳಲಾಗದು. 59 ವರ್ಷದವರು ಎಷ್ಟೋ ಓಟಗಳನ್ನು ಕಂಡವರು, ಬಿದ್ದವರನ್ನು ಕಂಡವರು. ಬೇಡವೆನ್ನುವ ಅವಕಾಶ ಪ್ರತಿ ಭಾನುವಾರವೂ ಇದ್ದು, ಪ್ರತಿ ಸಲವೂ ಬೇಕು ಎಂದವರು. ಆ ಆಯ್ಕೆ ಸರಿಯೋ ತಪ್ಪೋ, ಅದು ಅವರದ್ದು. ಹದಿಮೂರರ ಹುಡುಗನಿಗೆ ಪ್ರೀತಿಯಿತ್ತು, ಪ್ರತಿಭೆಯಿತ್ತು, ಧೈರ್ಯವಿತ್ತು. ಆಯ್ಕೆಯನ್ನು ತೂಗಿ ನೋಡಲು ಬೇಕಾದಷ್ಟು ವರ್ಷಗಳು ಮಾತ್ರ ಇರಲಿಲ್ಲ. ಅವನ ಪರವಾಗಿ ತೂಗಬೇಕಾದವರು ದೊಡ್ಡವರು: ನಿಯಮ ಬರೆಯುವವರು, ಓಟ ನಡೆಸುವವರು, ಕೈತಟ್ಟುವ ನಾವೆಲ್ಲ. 2021ರಲ್ಲಿ ಯೂರೋಪಿನಲ್ಲಿ 19, 14 ಮತ್ತು 15 ವರ್ಷದ ಮೂವರು ಬೈಕ್ ಓಟಗಳಲ್ಲಿ ಸತ್ತರು. ಆಮೇಲೆ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ಕನಿಷ್ಠ ವಯಸ್ಸುಗಳನ್ನು ಏರಿಸಿತು. ವಿಶ್ವ ಚಾಂಪಿಯನ್‌ಶಿಪ್‌ಗೆ 2023ರಿಂದ 18 ಎಂದು ಗೊತ್ತು ಮಾಡಿತು. ‘ಇಷ್ಟಪಟ್ಟದ್ದನ್ನು ಮಾಡುತ್ತಲೇ ಹೋದ’ ಎಂಬ ಮಾತನ್ನು ಹದಿಮೂರರ ಮಗುವಿಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಬಾಯಿ ಬಾರದಿರುವುದೇ ಒಳ್ಳೆಯದು. ಆ ಮಾತು ಎಷ್ಟು ಟೊಳ್ಳು ಎಂಬುದು ಆಗಲಾದರೂ ತಿಳಿಯುತ್ತದೆ.

2024ರ ಆಗಸ್ಟ್ ಕೊನೆಗೆ ಚೆನ್ನೈ ನಗರದ ನಡುವೆ, ಐಲ್ಯಾಂಡ್ ಗ್ರೌಂಡ್ಸ್ ಸುತ್ತಿನ ಬೀದಿಗಳಲ್ಲೇ, ದೀಪದ ಬೆಳಕಿನಲ್ಲಿ ರಾತ್ರಿ ಕಾರು ಓಟ ನಡೆಯಿತು. ತಮಿಳುನಾಡು ಸರ್ಕಾರವೂ ಜೊತೆಗಿತ್ತು. ಸುಮಾರು ಮೂರೂವರೆ ಕಿಲೋಮೀಟರ್ ದಾರಿಯ ಎರಡೂ ಬದಿಗೆ ಗೋಡೆ, ಬಲೆ. ಟೀವಿಯಲ್ಲಿ ನೋಡಿದವರಿಗೆ ಇದು ಹೊಸ ಆಟದಂತೆ ಕಂಡಿರಬಹುದು. ಅದು ಶೋಲಾವರಂನ ಪಾಳು ರನ್‌ವೇಯಿಂದ ಅಲ್ಲಿಯವರೆಗೆ ಬರಲು ಎಪ್ಪತ್ತು ವರ್ಷ ಬೇಕಾಯಿತು. ಆ ಎಪ್ಪತ್ತು ವರ್ಷವೂ ಅದನ್ನು ಹೊತ್ತವರು ಹೆಸರಿಲ್ಲದ ಹವ್ಯಾಸಿಗಳು. ಬಿಸಿಲಿನಲ್ಲಿ ಬಾವುಟ ಹಿಡಿದು ನಿಂತ ಮಾರ್ಷಲ್‌ಗಳು, ನಟ್ಟು ಬಿಗಿದ ಮೆಕ್ಯಾನಿಕ್‌ಗಳು, ಗೆಲ್ಲುವವರ ಹಿಂದೆ ನಾಲ್ಕನೆಯ, ಎಂಟನೆಯ, ಹನ್ನೊಂದನೆಯ ಜಾಗಕ್ಕೆ ಜಗಳವಾಡಿದ ಚಾಲಕರು. ಗೆಲ್ಲುವವರಷ್ಟೇ ಬಂದರೆ ಓಟಕ್ಕೆ ಮೂರು ಕಾರು ಇರುತ್ತವೆ. ಸಾಲು ತುಂಬುವುದು ಉಳಿದವರಿಂದ.

ಅಂಥ ಸಾಲಿನಲ್ಲಿ ಹಲವು ದಶಕ ನಿಂತವರು ಕೆ.ಇ. ಕುಮಾರ್. ಅವರನ್ನು ವೀರ ಎಂದು ಏರಿಸಿದರೆ ಮನೆಯಲ್ಲಿ ಕಾಯುವವರು ಮರೆಯಾಗುತ್ತಾರೆ. ಈ ವಯಸ್ಸಿನಲ್ಲಿ ಬೇಕಿತ್ತೇ ಎಂದು ತೂಗಿದರೆ ಅವರ ದಶಕಗಳ ಒಲವು ಮರೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು ನೆನೆಯುವುದು ಕಷ್ಟ, ಆದರೆ ಅದೇ ಸರಿ. ಅಂಥ ನೆನಪಿಗೆ ಮುಂದಿನ ಸುತ್ತಿನಲ್ಲಿ ಮಾಡಲು ಕೆಲಸವೂ ಇದೆ. ಬೇಲಿಯ ಕಂಬ ಗಟ್ಟಿಯಿದೆಯೇ, ಟೈರಿನ ಗೋಡೆ ಸಾಕಷ್ಟು ದಪ್ಪವಿದೆಯೇ, ಆಂಬುಲೆನ್ಸ್ ಎಷ್ಟು ದೂರದಲ್ಲಿದೆ, ಸಾಲಿನಲ್ಲಿ ನಿಂತವರ ವಯಸ್ಸೆಷ್ಟು ಎಂದು ಕೇಳುವುದು. ಕೇಳಿದ್ದನ್ನೇ ಮತ್ತೆ ಕೇಳುವುದು.

ಓಟದ ದಿನ ಟ್ರ್ಯಾಕಿನಲ್ಲಿ ಎಲ್ಲರೂ ಕೇಳುವುದು ಎಷ್ಟನೇ ಜಾಗ ಬಂತು, ಒಂದು ಸುತ್ತಿಗೆ ಎಷ್ಟು ನಿಮಿಷ ಎಂದು. ಮನೆಯಿಂದ ಬರುವ ಫೋನಿನಲ್ಲಿ ಆ ಪ್ರಶ್ನೆ ಆಮೇಲೆ ಬರುತ್ತದೆ. ಮೊದಲು ಕೇಳುವುದು ಒಂದೇ: ಎಷ್ಟು ಹೊತ್ತಿಗೆ ಬರ್ತೀರಿ?